ಜಿನೀವಾದ ಯಂತ್ರ, ಹೊಸೂರು ರಸ್ತೆಯ ಯಂತ್ರ

ಪತ್ರಿಕೆಯಲ್ಲಿ ಕಣ ಭೌತವಿಜ್ಞಾನದ ಸುದ್ದಿ ಬಂದರೆ ಪಕ್ಕದಲ್ಲಿ ಹೆಚ್ಚುಕಮ್ಮಿ ಒಂದೇ ಫೋಟೋ ಇರುತ್ತದೆ. ಜಿನೀವಾ ಹತ್ತಿರದ ಸುರಂಗ, ಉದ್ದಕ್ಕೂ ನೀಲಿ ಕೊಳವೆ, ಹೆಲ್ಮೆಟ್ ಹಾಕಿಕೊಂಡ ಒಬ್ಬ ಇಂಜಿನಿಯರ್. ಅದನ್ನು ನೋಡಿ ನೋಡಿ, ಆಕ್ಸಿಲರೇಟರ್ ಅಂದರೆ ಯುರೋಪಿನಲ್ಲೆಲ್ಲೋ ನೆಲದಡಿ ಇರುವ, ನಮಗೆ ಸಂಬಂಧವೇ ಇಲ್ಲದ ವಸ್ತು ಎಂಬ ಭಾವನೆ ಗಟ್ಟಿಯಾಗಿಬಿಟ್ಟಿದೆ. ಆದರೆ ಬೆಂಗಳೂರಿನಲ್ಲೂ ಇಂಥ ಯಂತ್ರಗಳು ದಿನಾ ಓಡುತ್ತಿವೆ. ಹೊಸೂರು ರಸ್ತೆಯ ಕಿದ್ವಾಯಿಯಲ್ಲಿವೆ, ಊರಿನ ಬೇರೆ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಇವೆ. ರೇಡಿಯೇಷನ್‌ಗೆ ಹೋಗಿಬಂದವರು "ಕರೆಂಟ್ ಕೊಟ್ಟರು" ಅನ್ನುತ್ತಾರಲ್ಲ, ಆ ಕರೆಂಟ್ ಸಾಮಾನ್ಯವಾಗಿ ಬರುವುದು ಲೀನಿಯರ್ ಆಕ್ಸಿಲರೇಟರಿನಿಂದ. ಆಸ್ಪತ್ರೆಯವರು ಅದನ್ನು ಲಿನ್ಯಾಕ್ ಅನ್ನುತ್ತಾರೆ.

ಲಿನ್ಯಾಕ್ ಅರ್ಥವಾದರೆ ಜಿನೀವಾದ ಯಂತ್ರ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಅಲ್ಲಿಂದಲೇ ಶುರು ಮಾಡೋಣ.

ಲಿನ್ಯಾಕ್ ಇರುವ ಕೋಣೆಯ ಗೋಡೆ ಆಳೆತ್ತರದಷ್ಟು ದಪ್ಪದ ಕಾಂಕ್ರೀಟು. ಒಳಗೆ ರೋಗಿ ಮಲಗುವ ಮೇಜು, ಅದರ ಸುತ್ತ ತಿರುಗುವ ಒಂದು ದೊಡ್ಡ ತೋಳು. ಆ ತೋಳಿನೊಳಗೆ ತಾಮ್ರದ ಒಂದು ಕೊಳವೆ ಇದೆ. ಚಿಕ್ಕ ಲಿನ್ಯಾಕ್‌ಗಳಲ್ಲಿ ಅದು ಒಂದು ಮೀಟರ್ ಉದ್ದವೂ ಇರುವುದಿಲ್ಲ. ಕೊಳವೆಯಲ್ಲಿ ಗಾಳಿ ಇಲ್ಲ, ಪೂರ್ತಿ ಖಾಲಿ. ಒಂದು ತುದಿಯಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಕೊಳವೆಯೊಳಗೆ ಮೈಕ್ರೋವೇವ್ ತುಂಬಿರುತ್ತಾರೆ. ಅದರ ವಿದ್ಯುತ್ ಬಲ ಸೆಕೆಂಡಿಗೆ ಸುಮಾರು 300 ಕೋಟಿ ಸಲ ಹಿಂದೆ ಮುಂದೆ ಅಲುಗುತ್ತದೆ. ಸರಿಯಾದ ಗಳಿಗೆಯಲ್ಲಿ ಒಳಹೊಕ್ಕ ಎಲೆಕ್ಟ್ರಾನಿಗೆ ಉದ್ದಕ್ಕೂ ಮುಂದಕ್ಕೆ ತಳ್ಳುವ ಬಲವೇ ಸಿಗುತ್ತದೆ. ಇನ್ನೊಂದು ತುದಿಯಲ್ಲಿ ಟಂಗ್‌ಸ್ಟನ್ ತುಂಡು. ಅದಕ್ಕೆ ಬಡಿದು ಎಲೆಕ್ಟ್ರಾನು ಗಕ್ಕನೆ ನಿಂತಾಗ ಅದರ ಶಕ್ತಿಯ ಒಂದು ಪಾಲು ಎಕ್ಸ್‌ರೇ ಆಗಿ ಹೊಮ್ಮುತ್ತದೆ. ಗಡ್ಡೆಗೆ ಹೊಡೆಯುವುದು ಈ ಎಕ್ಸ್‌ರೇ.

ಈ ಶಕ್ತಿಯನ್ನು ಅಳೆಯುವುದಕ್ಕೆ ಎಲೆಕ್ಟ್ರಾನ್ ವೋಲ್ಟ್ ಎಂಬ ಅಳತೆ ಇದೆ. ಒಂದು ಎಲೆಕ್ಟ್ರಾನು 1 ವೋಲ್ಟ್ ವ್ಯತ್ಯಾಸ ದಾಟಿದರೆ ಅದಕ್ಕೆ ಬರುವ ಶಕ್ತಿ 1 ಎಲೆಕ್ಟ್ರಾನ್ ವೋಲ್ಟ್. ಹಳೇ ಡಬ್ಬಾ ಟೀವಿಯ ಪಿಕ್ಚರ್ ಟ್ಯೂಬು ಕೂಡ ಒಂದು ಆಕ್ಸಿಲರೇಟರೇ. ಅದರಲ್ಲಿ ಎಲೆಕ್ಟ್ರಾನುಗಳು 20, 25 ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿಂದ ಪರದೆಗೆ ಬಡಿಯುತ್ತಿದ್ದವು. ಆಸ್ಪತ್ರೆಯ ಸಾಮಾನ್ಯ ಲಿನ್ಯಾಕ್ ಕೊಡುವುದು 60 ಲಕ್ಷ.

60 ಲಕ್ಷ ವೋಲ್ಟನ್ನು ಒಂದೇ ಏಟಿಗೆ ಒಂದು ಕೋಣೆಯಲ್ಲಿ ನಿಲ್ಲಿಸುವುದು ಬಹಳ ಕಷ್ಟ. ಕಿಡಿ ಹಾರಿ ಎಲ್ಲ ನೆಲಕ್ಕೆ ಇಳಿದುಹೋಗುತ್ತದೆ. ಈ ತೊಡಕಿಗೆ 1928ರಲ್ಲಿ ರಾಲ್ಫ್ ವಿಡರೋ ಎಂಬ ನಾರ್ವೆಯ ಯುವ ಇಂಜಿನಿಯರ್ ಜರ್ಮನಿಯ ಆಖೆನ್‌ನಲ್ಲಿ ದಾರಿ ತೋರಿಸಿದ. ಅವನ ಉಪಾಯ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಲೋಹದ ಕೊಳವೆಗಳನ್ನು ಸಾಲಾಗಿ, ನಡುವೆ ಸ್ವಲ್ಪ ಸಂದು ಬಿಟ್ಟು ಜೋಡಿಸು. ಸಂದಿನಲ್ಲಿ ಮಾತ್ರ ವಿದ್ಯುತ್ ಬಲ ಇರುತ್ತದೆ. ಕಣ ಕೊಳವೆಯ ಒಳಗಿದ್ದಾಗ ಅದಕ್ಕೆ ಏನೂ ತಾಗುವುದಿಲ್ಲ. ಅದು ಒಳಗಿರುವಾಗಲೇ ಹೊರಗೆ ಪ್ಲಸ್ಸು ಮೈನಸ್ಸನ್ನು ಅದಲು ಬದಲು ಮಾಡಿಬಿಡು. ಕಣ ಹೊರಗೆ ಬರುವ ಹೊತ್ತಿಗೆ ಮುಂದಿನ ಸಂದೂ ಅದನ್ನು ಮುಂದಕ್ಕೇ ತಳ್ಳುತ್ತದೆ. ವಿಡರೋ ಬಳಸಿದ್ದು 25 ಸಾವಿರ ವೋಲ್ಟ್, ಅವನ ಕಣಗಳಿಗೆ ಸಿಕ್ಕಿದ್ದು 50 ಸಾವಿರ. ಒಂದೇ ವೋಲ್ಟೇಜನ್ನು ಎರಡು ಸಲ ದುಡಿಸಿಕೊಂಡ.

ಎರಡು ಸಲ ಆಗುವುದಾದರೆ ಇನ್ನೂರು ಸಲ ಯಾಕಾಗಬಾರದು? ಈ ಪ್ರಶ್ನೆ ಹಿಡಿದವನು ಅಮೆರಿಕದ ಅರ್ನೆಸ್ಟ್ ಲಾರೆನ್ಸ್. ವಿಡರೋನ ಲೇಖನ ಜರ್ಮನ್ ಭಾಷೆಯಲ್ಲಿತ್ತು. ಲಾರೆನ್ಸ್‌ಗೆ ಜರ್ಮನ್ ಅಷ್ಟಕ್ಕಷ್ಟೆ. ಚಿತ್ರಗಳನ್ನು ನೋಡಿಯೇ ವಿಷಯ ಹಿಡಿದ. ಕೊಳವೆಗಳನ್ನು ಉದ್ದಕ್ಕೆ ಜೋಡಿಸುತ್ತಾ ಹೋಗುವ ಬದಲು, ಅಯಸ್ಕಾಂತದಿಂದ ಕಣವನ್ನು ಬಾಗಿಸಿ ಅದೇ ಸಂದಿಗೆ ಮತ್ತೆ ಮತ್ತೆ ತಂದರೆ? ಹಾಗೆ ಹುಟ್ಟಿದ್ದು ಸೈಕ್ಲೊಟ್ರಾನ್. 1931ರ ಮೊದಲ ಯಂತ್ರ ಅಂಗೈ ಮೇಲೆ ಕೂರುವಷ್ಟು ಪುಟ್ಟದು. ಎರಡು ಸಾವಿರಕ್ಕೂ ಕಡಿಮೆ ವೋಲ್ಟ್ ಹಾಕಿ 80 ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ತೆಗೆದರು. ಆಮೇಲೆ ಬಂದ ದೊಡ್ಡ ಯಂತ್ರಗಳೆಲ್ಲ ಈ ಎರಡು ಉಪಾಯಗಳ ಮೇಲೆಯೇ ನಿಂತಿವೆ: ಸಣ್ಣ ತಳ್ಳುವಿಕೆಯನ್ನು ಸರಿಯಾದ ಹೊತ್ತಿಗೆ ಕೊಡು, ಬಾಗಿಸಿ ವಾಪಸ್ ತಂದು ಮತ್ತೆ ಕೊಡು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಆಕ್ಸಿಲರೇಟರ್ ಕಣಗಳ ವೇಗ ಹೆಚ್ಚಿಸುತ್ತದೆ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಸುಳ್ಳಲ್ಲ, ಆದರೆ ವೇಗದ ಕೆಲಸ ಬಲು ಬೇಗ ಮುಗಿದುಹೋಗುತ್ತದೆ. ಲಿನ್ಯಾಕ್‌ನಲ್ಲಿ 60 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಪಡೆದ ಎಲೆಕ್ಟ್ರಾನು ಆಗಲೇ ಬೆಳಕಿನ ವೇಗದ ಶೇಕಡಾ 99.7ರಷ್ಟು ವೇಗದಲ್ಲಿರುತ್ತದೆ. ಆಸ್ಪತ್ರೆಯಲ್ಲೇ! ಬೆಳಕಿನ ವೇಗವನ್ನು ಯಾವ ಕಣವೂ ಮೀರುವುದಿಲ್ಲ ಅಂತ ಐನ್‌ಸ್ಟೈನ್ ಹೇಳಿದ್ದು ಗೊತ್ತೇ ಇದೆ. ಅಲ್ಲಿಂದ ಮುಂದೆ ಎಷ್ಟು ತಳ್ಳಿದರೂ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಶಕ್ತಿ ಮಾತ್ರ ಏರುತ್ತಾ ಹೋಗುತ್ತದೆ.

ಜಿನೀವಾದಲ್ಲಿ ಇದು ಇನ್ನೂ ಮಜವಾಗಿ ಕಾಣುತ್ತದೆ. ಅಲ್ಲಿನ ಲಾರ್ಜ್ ಹ್ಯಾಡ್ರಾನ್ ಕೊಲೈಡರ್, ಅಂದರೆ ಎಲ್‌ಎಚ್‌ಸಿ, ಪ್ರೋಟಾನುಗಳನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. ಅದಕ್ಕೂ ಮೊದಲು ಸಣ್ಣದರಿಂದ ದೊಡ್ಡದಕ್ಕೆ ನಾಲ್ಕು ಯಂತ್ರಗಳಿವೆ. ಅವು ಒಂದರ ನಂತರ ಒಂದು ಪ್ರೋಟಾನುಗಳನ್ನು 45 ಸಾವಿರ ಕೋಟಿ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಏರಿಸಿ ದೊಡ್ಡ ಉಂಗುರಕ್ಕೆ ಬಿಡುತ್ತವೆ. ಎಲ್‌ಎಚ್‌ಸಿ ಅದನ್ನು 6 ಲಕ್ಷ 80 ಸಾವಿರ ಕೋಟಿಗೆ ಒಯ್ಯುತ್ತದೆ. ಶಕ್ತಿ ಹದಿನೈದು ಪಟ್ಟು ಏರಿತು. ವೇಗ ಎಷ್ಟು ಏರಿತು? ಸೆಕೆಂಡಿಗೆ ಸುಮಾರು 650 ಮೀಟರ್. ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಕೊನೆಯಲ್ಲಿ ಆ ಪ್ರೋಟಾನು ಬೆಳಕಿಗಿಂತ ಹಿಂದಿರುವುದು ಗಂಟೆಗೆ 10 ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಮ್ಮ ಬೈಕುಗಳ ವೇಗ ಅಷ್ಟೇ ತಾನೇ.

ಹಾಗಾದರೆ ಇಷ್ಟು ಶಕ್ತಿ ಯಾಕೆ ಬೇಕು? ಒಂದು ಕಾರಣ, ಸಣ್ಣದನ್ನು ನೋಡುವುದಕ್ಕೆ. ಶಕ್ತಿ ಜಾಸ್ತಿಯಾದಷ್ಟೂ ಕಣದ ಅಲೆಯ ಉದ್ದ ಕಡಿಮೆ. ಅಲೆ ಎಷ್ಟು ಚಿಕ್ಕದೋ ಅಷ್ಟು ಚಿಕ್ಕ ವಿವರ ಕಾಣುತ್ತದೆ. ಈ ಕತೆಯಲ್ಲೂ ಆಸ್ಪತ್ರೆ ಬರುತ್ತದೆ. 1950ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಗಿಂಜ್ಟನ್ ಮತ್ತು ಜೊತೆಗಾರರು ಎಲೆಕ್ಟ್ರಾನ್ ಲಿನ್ಯಾಕ್ ಕಟ್ಟುತ್ತಿದ್ದರು. ಅಲ್ಲಿನ ಡಾಕ್ಟರ್ ಹೆನ್ರಿ ಕ್ಯಾಪ್ಲನ್ ಅವರ ಜೊತೆ ಸೇರಿ ಅದನ್ನು ಚಿಕಿತ್ಸೆಗೆ ಹೊಂದಿಸಿದ. 1956ರಲ್ಲಿ ಕಣ್ಣಿನ ಕ್ಯಾನ್ಸರ್ ಇದ್ದ 2 ವರ್ಷದ ಮಗುವಿಗೆ ಚಿಕಿತ್ಸೆ ಕೊಟ್ಟರು, ಮಗುವಿನ ಕಣ್ಣು ಉಳಿಯಿತು. ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ 1966ರ ಹೊತ್ತಿಗೆ 3 ಕಿಲೋಮೀಟರ್ ಉದ್ದದ ಲಿನ್ಯಾಕ್ ಎದ್ದು ನಿಂತಿತು. ಅದರ ಎಲೆಕ್ಟ್ರಾನುಗಳನ್ನು ಪ್ರೋಟಾನಿಗೆ ಹೊಡೆದಾಗ, ಪ್ರೋಟಾನು ಒಂದೇ ಮುದ್ದೆ ಆಗಿದ್ದರೆ ಹೇಗೆ ಚದುರಬೇಕಿತ್ತೋ ಹಾಗೆ ಚದುರಲಿಲ್ಲ. ಒಳಗೆ ಗಟ್ಟಿ ಚುಕ್ಕಿಗಳಿಗೆ ತಾಗಿದ ಹಾಗೆ ದೊಡ್ಡ ಕೋನದಲ್ಲಿ ಸಿಡಿದವು. ಆ ಚುಕ್ಕಿಗಳೇ ಕ್ವಾರ್ಕುಗಳು. ಅವು ಲೆಕ್ಕದ ಹಾಳೆಯಿಂದ ಪ್ರಯೋಗಕ್ಕೆ ಇಳಿದಿದ್ದು ಹೀಗೆ. ಜೆರೋಮ್ ಫ್ರೀಡ್‌ಮನ್, ಹೆನ್ರಿ ಕೆಂಡಲ್, ರಿಚರ್ಡ್ ಟೇಲರ್ ಅವರಿಗೆ 1990ರಲ್ಲಿ ನೊಬೆಲ್ ಬಂತು.

ಎರಡನೆಯ ಕಾರಣ ಇನ್ನೂ ದೊಡ್ಡದು. ತಪ್ಪಾಗಿ ತಿಳಿಯುವುದೂ ಅದನ್ನೇ. ಪ್ರೋಟಾನನ್ನು ಒಡೆದರೆ ಒಳಗಿನ ಚೂರುಗಳು ಹೊರಬೀಳುತ್ತವೆ, ಜಿನೀವಾದಲ್ಲಿ ಸಿಕ್ಕ ಹಿಗ್ಸ್ ಬೋಸಾನ್ ಎಂಬ ಕಣ ಅಂಥದ್ದೊಂದು ಚೂರು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ತೂಕ ನೋಡಿ. ಪ್ರೋಟಾನಿನ ತೂಕವನ್ನು 1 ಅಂತ ಇಟ್ಟುಕೊಂಡರೆ ಹಿಗ್ಸ್‌ನದು 130ಕ್ಕೂ ಹೆಚ್ಚು. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ 1995ರಲ್ಲಿ ಸಿಕ್ಕ ಟಾಪ್ ಕ್ವಾರ್ಕ್ ಎಂಬ ಬೇರೊಂದು ಬಗೆಯ ಕ್ವಾರ್ಕ್ ಇನ್ನೂ ಭಾರ. ಒಂದೇ ಒಂದು ಟಾಪ್ ಕ್ವಾರ್ಕ್ ಹೆಚ್ಚುಕಡಿಮೆ ಒಂದು ಇಡೀ ಟಂಗ್‌ಸ್ಟನ್ ಪರಮಾಣುವಿನಷ್ಟು ತೂಗುತ್ತದೆ. ಇಂಥದ್ದು ಪ್ರೋಟಾನಿನ ಒಳಗೆ ಅಡಗಿ ಕೂತಿರುವುದು ಹೇಗೆ ಸಾಧ್ಯ? ಅದು ಒಳಗಿಂದ ಬರುವುದೇ ಇಲ್ಲ. ಡಿಕ್ಕಿಯ ಶಕ್ತಿಯೇ ತೂಕವಾಗಿ ಬದಲಾಗಿ ಆ ಕಣ ಹೊಸದಾಗಿ ಹುಟ್ಟುತ್ತದೆ. ಶಕ್ತಿ ಮತ್ತು ದ್ರವ್ಯರಾಶಿ ಒಂದೇ ನಾಣ್ಯದ ಲೆಕ್ಕ ಅಂತ ಐನ್‌ಸ್ಟೈನ್ ಬರೆದ ಸಮೀಕರಣವನ್ನು ಟೀ ಶರ್ಟ್ ಮೇಲೆ ನೋಡಿರುತ್ತೇವೆ. ಇಲ್ಲಿ ಅದು ದಿನನಿತ್ಯದ ಕೆಲಸ.

ಎದುರುಬದುರು ಡಿಕ್ಕಿ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಎಲ್‌ಎಚ್‌ಸಿಯ ಪ್ರೋಟಾನನ್ನು ಸುಮ್ನೆ ನಿಂತಿರುವ ಇನ್ನೊಂದು ಪ್ರೋಟಾನಿಗೆ ಹೊಡೆದರೆ, ಶಕ್ತಿಯ ಹೆಚ್ಚು ಪಾಲು ಚೂರುಗಳನ್ನು ಮುಂದಕ್ಕೆ ಒಯ್ಯುವುದರಲ್ಲೇ ಕಳೆದುಹೋಗುತ್ತದೆ. ಹೊಸ ಕಣ ಹುಟ್ಟಿಸಲು ಉಳಿಯುವುದು ಸುಮಾರು 11 ಸಾವಿರದ 300 ಕೋಟಿ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಹಿಗ್ಸ್‌ಗೆ ಬೇಕಾದದ್ದು 12 ಸಾವಿರದ 500 ಕೋಟಿ. ಅಷ್ಟು ದೊಡ್ಡ ಯಂತ್ರ ಕಟ್ಟಿಯೂ ಹಿಗ್ಸ್ ಸಿಗುತ್ತಿರಲಿಲ್ಲ! ಎರಡು ಕಡೆಯಿಂದಲೂ ಬಂದು ಗುದ್ದಿದರೆ ಎರಡರ ಶಕ್ತಿಯೂ ಕೂಡಿ 13 ಲಕ್ಷ 60 ಸಾವಿರ ಕೋಟಿ ಆಗುತ್ತದೆ. ಲಾಭ ನೂರು ಪಟ್ಟಿಗೂ ಮೇಲೆ.

ಯಂತ್ರಗಳು ಬರುವ ಮೊದಲು ಈ ಡಿಕ್ಕಿಗಳನ್ನು ಆಕಾಶವೇ ಪುಕ್ಕಟೆ ಒದಗಿಸುತ್ತಿತ್ತು. ಹೊರಗಿನಿಂದ ಬರುವ ಕಾಸ್ಮಿಕ್ ಕಿರಣಗಳು ವಾಯುಮಂಡಲಕ್ಕೆ ಬಡಿದು ಕಣಗಳ ಮಳೆ ಸುರಿಸುತ್ತವೆ. ಪಾಸಿಟ್ರಾನು, ಮ್ಯೂಆನು, ಪಯಾನು ಎಂಬ ಕಣಗಳೆಲ್ಲ ಮೊದಲು ಸಿಕ್ಕಿದ್ದು ಅಲ್ಲೇ. ಬೆಂಗಳೂರಿಗೆ ಕಣ ಭೌತವಿಜ್ಞಾನ ಬಂದದ್ದೂ ಈ ದಾರಿಯಿಂದ. ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ 1939ರಲ್ಲಿ ರಜೆಗೆ ಊರಿಗೆ ಬಂದಿದ್ದರು. ಯುದ್ಧ ಶುರುವಾಯಿತು, ವಾಪಸ್ ಹೋಗಲಾಗಲಿಲ್ಲ. ಸಿ. ವಿ. ರಾಮನ್ ಇದ್ದ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಈಗಿನ ಐಐಎಸ್‌ಸಿ) ಸೇರಿ ಕಾಸ್ಮಿಕ್ ಕಿರಣಗಳ ಘಟಕ ಕಟ್ಟಿದರು. ಮುಂದೆ ಮುಂಬೈಯಲ್ಲಿ ಹೆಸರಾದ, ಮೂಲ ವಿಜ್ಞಾನ ಸಂಶೋಧನೆಯ ಟಿಐಎಫ್‌ಆರ್ ಸಂಸ್ಥೆ 1945ರಲ್ಲಿ ಕೆಲಸ ಶುರು ಮಾಡಿದ್ದು ಬೆಂಗಳೂರಿನ ಈ ಘಟಕದಲ್ಲೇ. ಕೆಲವೇ ತಿಂಗಳಲ್ಲಿ ಮುಂಬೈಗೆ ಹೊರಟುಹೋಯಿತು. ಬೆಂಗಳೂರಿಗರಿಗೆ ಇದು ಅಷ್ಟಾಗಿ ಗೊತ್ತಿಲ್ಲದಿರುವುದು ನನಗೆ ಸ್ವಲ್ಪ ಬೇಜಾರಿನ ಸಂಗತಿ.

ಭಾಭಾ ಹೆಸರು ಜಿನೀವಾದ ಸುರಂಗದಲ್ಲೂ ಇದೆ. ಎಲೆಕ್ಟ್ರಾನು ಮತ್ತು ಅದರ ಪ್ರತಿಕಣ ಪಾಸಿಟ್ರಾನು ಒಂದಕ್ಕೊಂದು ತಾಗಿ ಹೇಗೆ ಚದುರುತ್ತವೆ ಅಂತ ಅವರು ಕೇಂಬ್ರಿಜ್ ದಿನಗಳಲ್ಲೇ ಲೆಕ್ಕ ಹಾಕಿದ್ದರು. ಅದಕ್ಕೆ ಭಾಭಾ ಸ್ಕ್ಯಾಟರಿಂಗ್ ಅಂತಲೇ ಹೆಸರು. ಎಲ್‌ಎಚ್‌ಸಿಗೂ ಮೊದಲು ಅದೇ ಸುರಂಗದಲ್ಲಿ 1989ರಿಂದ 2000ದವರೆಗೆ ಎಲ್‌ಇಪಿ ಎಂಬ ಎಲೆಕ್ಟ್ರಾನ್ ಯಂತ್ರ ಇತ್ತು. ಅಲ್ಲಿ ಎಷ್ಟು ಡಿಕ್ಕಿ ಆಗುತ್ತಿವೆ ಎಂದು ತಿಳಿಯಲು ಭಾಭಾ ಸ್ಕ್ಯಾಟರಿಂಗ್ ಎಣಿಸುತ್ತಿದ್ದರು. ಲೆಕ್ಕ ಅಷ್ಟು ಪಕ್ಕಾ ಇದ್ದದ್ದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡರು.

ಇನ್ನು ಕೋಲಾರದ ಚಿನ್ನದ ಗಣಿ. ಬೆಂಗಳೂರಿನಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರ್. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಟಿಐಎಫ್‌ಆರ್ ಸೇರಿ, 1950ರ ದಶಕದ ಶುರುವಿನಲ್ಲಿ ಗಣಿಯೊಳಗೆ ಇಳಿದು ಆಳಕ್ಕೆ ಹೋದ ಹಾಗೆ ಮ್ಯೂಆನುಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯತೊಡಗಿದರು. ತುಂಬ ಆಳದಲ್ಲಿ ಮ್ಯೂಆನುಗಳು ಸಿಗುವುದೇ ಅಪರೂಪವಾಯಿತು. ನಿರಾಸೆಯಾಗಬೇಕಿತ್ತು, ಆದರೆ ಅದೇ ಜಾಗ ಬೇರೊಂದು ಬೇಟೆಗೆ ಹೇಳಿಮಾಡಿಸಿದಂತಿತ್ತು. ಬಂಡೆಯನ್ನು ತೂರಿ ಬರಬಲ್ಲ ನ್ಯೂಟ್ರಿನೋ ಎಂಬ ಕಣ ಏನಾದರೂ ಅಲ್ಲಿ ಬಡಿದರೆ, ಗದ್ದಲವೇ ಇಲ್ಲದ ಆ ಆಳದಲ್ಲಿ ಗುರುತು ಸಿಗುತ್ತದೆ. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್, ಬ್ರಿಟನ್ ತಂಡಕ್ಕೆ ಅದು ಸಿಕ್ಕಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊದಲು ಕಂಡ ಎರಡು ಜಾಗಗಳಲ್ಲಿ ಒಂದು ಕೋಲಾರ, ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ. 2001ರಲ್ಲಿ ನಮ್ಮ ಗಣಿ ಮುಚ್ಚಿತು.

ಕಾಸ್ಮಿಕ್ ಕಿರಣಗಳಲ್ಲಿ ಕೆಲವಕ್ಕೆ ಎಲ್‌ಎಚ್‌ಸಿಗಿಂತ ಕೋಟಿ ಪಟ್ಟು ಶಕ್ತಿ ಇರುತ್ತದೆ. 2008ರಲ್ಲಿ ಎಲ್‌ಎಚ್‌ಸಿ ಶುರುವಾದಾಗ ಪ್ರಳಯ ಆಗುತ್ತದೆ ಅಂತ ಟೀವಿಯವರು ಎಬ್ಬಿಸಿದ ಗಲಾಟೆಗೆ ಉತ್ತರವೂ ಇದೇ: ಅದಕ್ಕಿಂತ ಜೋರಾದ ಡಿಕ್ಕಿಗಳು ನಮ್ಮ ತಲೆ ಮೇಲೆ ಕೋಟ್ಯಂತರ ವರ್ಷಗಳಿಂದ ಆಗುತ್ತಲೇ ಇವೆ. ಹಾಗಿದ್ದರೆ ಯಂತ್ರ ಯಾಕೆ? ಆ ಭಾರೀ ಕಣ ಯಾವಾಗ, ಎಲ್ಲಿ ಬೀಳುತ್ತದೋ ಯಾರಿಗೂ ಹೇಳಲಾಗುವುದಿಲ್ಲ. ಹಿಗ್ಸ್ ಹುಟ್ಟುವುದು ನೂರು ಕೋಟಿಗೂ ಹೆಚ್ಚು ಡಿಕ್ಕಿಗಳಿಗೆ ಒಂದು. ಅದಕ್ಕೆ ಡಿಕ್ಕಿಗಳು ರಾಶಿ ರಾಶಿ ಬೇಕು, ಒಂದೇ ಜಾಗದಲ್ಲಿ ಬೇಕು, ಸುತ್ತ ಪತ್ತೆ ಹಚ್ಚುವ ಸಾಧನಗಳಿರಬೇಕು. ಎಲ್‌ಎಚ್‌ಸಿಯಲ್ಲಿ ಸೆಕೆಂಡಿಗೆ ನೂರು ಕೋಟಿಯಷ್ಟು ಡಿಕ್ಕಿ ಆಗುತ್ತವೆ. ಅವುಗಳಲ್ಲಿ ಬಹುಪಾಲನ್ನು ಎಲೆಕ್ಟ್ರಾನಿಕ್ಸು ನೋಡಿ ಅಲ್ಲೇ ಬಿಟ್ಟುಬಿಡುತ್ತದೆ. ಕುತೂಹಲದ್ದು ಅನ್ನಿಸಿದ ಚಿಟಿಕೆಯಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹೀಗೆ ಸೋಸಿ ಸೋಸಿ 2012ರ ಜುಲೈ 4ರಂದು ಹಿಗ್ಸ್ ಸಿಕ್ಕಿದೆ ಅಂತ ಹೇಳಲು ಸಾಧ್ಯವಾಯಿತು.

ಆ ಯಂತ್ರದ ಕಷ್ಟ ಇರುವುದು ತಳ್ಳುವುದರಲ್ಲಿ ಅಲ್ಲ, ಬಾಗಿಸುವುದರಲ್ಲಿ. ಅಷ್ಟು ಶಕ್ತಿಯ ಪ್ರೋಟಾನನ್ನು 27 ಕಿಲೋಮೀಟರ್ ಉಂಗುರದಲ್ಲಿ ಹಿಡಿದಿಡಲು 1232 ದೊಡ್ಡ ಅಯಸ್ಕಾಂತಗಳಿವೆ. ಒಂದೊಂದೂ 15 ಮೀಟರ್ ಉದ್ದ, ಸುಮಾರು 35 ಟನ್ ತೂಕ. ಅವುಗಳ ತಂತಿಯಲ್ಲಿ ಕರೆಂಟು ತಡೆಯಿಲ್ಲದೆ ಹರಿಯಬೇಕಾದರೆ ದ್ರವ ಹೀಲಿಯಂನಿಂದ ಮೈನಸ್ 271.3 ಡಿಗ್ರಿಗೆ ತಣ್ಣಗೆ ಮಾಡಬೇಕು. ನಕ್ಷತ್ರಗಳ ನಡುವಿನ ಖಾಲಿ ಜಾಗಕ್ಕಿಂತ ಅದು ತಣ್ಣಗೆ. ಈ ಭಾರೀ ಅಯಸ್ಕಾಂತಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಅತ್ತಿತ್ತ ಸರಿಸಿ ಕೂರಿಸುವ ಸುಮಾರು 7 ಸಾವಿರ ಜ್ಯಾಕ್‌ಗಳನ್ನು ಕೊಟ್ಟಿದ್ದು ಭಾರತ. ಅವುಗಳನ್ನು ತಯಾರಿಸಿದವರಲ್ಲಿ ಬೆಂಗಳೂರಿನ ಕಾರ್ಖಾನೆಯೂ ಇದೆ. 2008ರ ಸೆಪ್ಟೆಂಬರ್ 10ರಂದು ಯಂತ್ರ ಶುರುವಾಯಿತು. ಒಂಬತ್ತೇ ದಿನಕ್ಕೆ ಎರಡು ಅಯಸ್ಕಾಂತಗಳ ನಡುವಿನ ಒಂದು ವೈರ್ ಜೋಡಣೆ ಸುಟ್ಟು, ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ಸರಿಪಡಿಸಲು ಒಂದು ವರ್ಷಕ್ಕೂ ಮೇಲೆ ಹಿಡಿಯಿತು.

ಇಷ್ಟೆಲ್ಲ ಮಾಡಿ ಓಡಿಸುವ ಪ್ರೋಟಾನುಗಳಾದರೂ ಎಷ್ಟು? ವಿನ್ಯಾಸದ ಲೆಕ್ಕದಲ್ಲಿ ಒಂದು ದಿಕ್ಕಿನ ಎಲ್ಲ ಪ್ರೋಟಾನುಗಳನ್ನು ಕೂಡಿಸಿದರೆ ಒಂದು ಗ್ರಾಮಿನ 200 ಕೋಟಿಯ ಒಂದು ಭಾಗ. ಅವು ಹೊತ್ತ ಶಕ್ತಿ ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಸರಿಸುಮಾರು 100 ಯೂನಿಟ್. ಒಂದು ಮನೆ ತಿಂಗಳಿಗೆ ಬಳಸುವಷ್ಟು ಕರೆಂಟು, ಕಣ್ಣಿಗೆ ಕಾಣದಷ್ಟು ಹೈಡ್ರೋಜನ್‌ನಲ್ಲಿ. ಆಕ್ಸಿಲರೇಟರ್ ಮಾಡುವುದು ಇದನ್ನೇ, ಸಾಮಾನ್ಯ ಪ್ರಮಾಣದ ಶಕ್ತಿಯನ್ನು ಬಲು ಕಡಿಮೆ ಕಣಗಳ ಮೇಲೆ ಹೇರುವುದು.

ಮತ್ತೆ ಊರಿಗೆ ಬರೋಣ. ಲಾರೆನ್ಸ್‌ನ ಸೈಕ್ಲೊಟ್ರಾನೂ ಬೆಂಗಳೂರಿನಲ್ಲಿದೆ, ಪೆಟ್ ಸ್ಕ್ಯಾನ್‌ಗಾಗಿ. ಸ್ಕ್ಯಾನ್‌ಗೆ ಮೊದಲು ಚುಚ್ಚುವ ಔಷಧಿಯಲ್ಲಿ ಫ್ಲೋರಿನ್ 18 ಎಂಬ ವಿಕಿರಣದ ಪರಮಾಣು ಅಂಟಿಸಿದ ಒಂದು ಬಗೆಯ ಸಕ್ಕರೆ ಇರುತ್ತದೆ. ಸೈಕ್ಲೊಟ್ರಾನಿನ ಪ್ರೋಟಾನನ್ನು ವಿಶೇಷ ಬಗೆಯ ನೀರಿಗೆ ಹೊಡೆದು ಈ ಫ್ಲೋರಿನ್ ತಯಾರಿಸುತ್ತಾರೆ. ಕ್ಯಾನ್ಸರ್ ಜೀವಕೋಶಗಳು ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಅಲ್ಲಿ ಫ್ಲೋರಿನ್ ಒಡೆದು ಪಾಸಿಟ್ರಾನನ್ನು ಉಗುಳುತ್ತದೆ. ಪಾಸಿಟ್ರಾನು ಪಕ್ಕದ ಎಲೆಕ್ಟ್ರಾನಿಗೆ ಸಿಕ್ಕ ಕೂಡಲೇ ಎರಡೂ ಇಲ್ಲವಾಗಿ, ಅವುಗಳ ತೂಕವೆಲ್ಲ ಎರಡು ಗಾಮಾ ಕಿರಣಗಳಾಗಿ ಎದುರುಬದುರು ದಿಕ್ಕಿಗೆ ಹಾರುತ್ತವೆ. ಸುತ್ತಲಿನ ಉಂಗುರ ಆ ಎರಡನ್ನೂ ಹಿಡಿದು ಗಡ್ಡೆಯ ಜಾಗ ಹೇಳುತ್ತದೆ. ಎಲ್‌ಎಚ್‌ಸಿಯಲ್ಲಿ ಶಕ್ತಿ ತೂಕವಾದರೆ ಇಲ್ಲಿ ತೂಕ ಶಕ್ತಿಯಾಗುತ್ತದೆ. ಫ್ಲೋರಿನ್ 18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತಾ ಹೋಗುವುದರಿಂದ ದೂರದಿಂದ ತರಿಸಿ ಇಟ್ಟುಕೊಳ್ಳುವ ಹಾಗಿಲ್ಲ. ಊರಲ್ಲೇ ತಯಾರಿಸಬೇಕು, ಬೆಳಗ್ಗೆ ಬೇಗನೆ ಹೊರಡಿಸಬೇಕು. ಹೊರವರ್ತುಲ ರಸ್ತೆಯಲ್ಲಿ ಗಾಡಿ ಸಿಕ್ಕಿಹಾಕಿಕೊಂಡರೆ ಔಷಧಿ ಡಬ್ಬಿಯಲ್ಲೇ ಕರಗುತ್ತಿರುತ್ತದೆ.

ಮುಂದಿನ ದೊಡ್ಡ ಯಂತ್ರ ಯಾವುದು ಎಂಬುದು ಈಗಿನ ಚರ್ಚೆ. ಜಿನೀವಾದ ಸರ್ನ್ ಸಂಸ್ಥೆಯವರು 91 ಕಿಲೋಮೀಟರಿನ ಉಂಗುರ ಬೇಕು ಅನ್ನುತ್ತಿದ್ದಾರೆ, ಅಂದಾಜು ಖರ್ಚು 15 ಶತಕೋಟಿ ಸ್ವಿಸ್ ಫ್ರಾಂಕ್. ಅದರಲ್ಲಿ ಮೊದಲು ಎಲೆಕ್ಟ್ರಾನು ಪಾಸಿಟ್ರಾನು ಡಿಕ್ಕಿ, ಆಮೇಲೆ ಪ್ರೋಟಾನು. ಎಲೆಕ್ಟ್ರಾನಿಗೆ ಒಳಗೆ ಚೂರುಗಳಿಲ್ಲ, ಹಾಗಾಗಿ ಡಿಕ್ಕಿ ಶುಭ್ರ. ಆದರೆ ಅದು ತೀರ ಹಗುರ. ಬಾಗಿಸಿದರೆ ಸಾಕು, ಬೆಳಕು ಸೂಸಿ ಶಕ್ತಿ ಕಳೆದುಕೊಳ್ಳುತ್ತದೆ. ಉಂಗುರ ಅಷ್ಟು ದೊಡ್ಡದಾಗಬೇಕಾದ ಕಾರಣಗಳಲ್ಲಿ ಇದೂ ಒಂದು. ಇಂದೋರಿನ ಇಂಡಸ್-2 ಯಂತ್ರ ಈ ನಷ್ಟವನ್ನೇ ಲಾಭ ಮಾಡಿಕೊಂಡು ಆ ಬೆಳಕಿನಲ್ಲಿ ವಸ್ತುಗಳನ್ನು ಪರೀಕ್ಷಿಸುತ್ತದೆ.

ಈ ಶುಭ್ರತೆಗೂ ಒಂದು ಮಿತಿ ಇದೆ ಅಂತ ಲೆಕ್ಕ ಹಾಕಿ ತೋರಿಸಿದವರಲ್ಲಿ ಒಬ್ಬರು ಮುಂದೆ ಬೆಂಗಳೂರಿಗೇ ಬಂದರು, ಟಾಟಾ ಇನ್‌ಸ್ಟಿಟ್ಯೂಟ್‌ನ ರೋಹಿಣಿ ಗೋಡಬೋಲೆ. ಅತಿ ಹೆಚ್ಚಿನ ಶಕ್ತಿಯಲ್ಲಿ ಎಲೆಕ್ಟ್ರಾನುಗಳ ಗುಂಪುಗಳು ಎದುರಾದಾಗ ಅವು ಸೂಸುವ ಬೆಳಕಿನ ಕಣಗಳೇ ಒಂದಕ್ಕೊಂದು ಡಿಕ್ಕಿ ಹೊಡೆದು ಬೇಡದ ಕಸ ಹುಟ್ಟಿಸುತ್ತವೆ ಎಂದು ಅವರು ಮಾನುವೆಲ್ ಡ್ರೀಸ್ ಜೊತೆ 1990ರ ದಶಕದ ಶುರುವಿನಲ್ಲಿ ಹೇಳಿದರು. ಅಲ್ಲಿಂದ ಈಚೆಗೆ ಎಲೆಕ್ಟ್ರಾನ್ ಕೊಲೈಡರಿನ ವಿನ್ಯಾಸ ಮಾಡುವವರು ಈ ಕಸದ ಲೆಕ್ಕವನ್ನೂ ಇಟ್ಟುಕೊಂಡೇ ಮುಂದುವರಿಯಬೇಕು. 2024ರಲ್ಲಿ ಗೋಡಬೋಲೆ ತೀರಿಕೊಂಡರು. 91 ಕಿಲೋಮೀಟರಿನ ಉಂಗುರಕ್ಕೆ ಒಪ್ಪಿಗೆ ಇನ್ನೂ ಸಿಗಬೇಕಿದೆ. ಸಿಕ್ಕರೂ ಅದರ ಮೊದಲ ಡಿಕ್ಕಿ 2040ರ ದಶಕಕ್ಕಿಂತ ಮೊದಲು ಆಗುವುದಿಲ್ಲ.